ಸುಂಕಸಾಳ ಸೀಮೆಯ ಸರಳ ಜೈನ ಅಡುಗೆ: ವ್ರತಕ್ಕೂ ಆರೋಗ್ಯಕ್ಕೂ ಹೊಂದುವ ಊಟ

ಅಂಕೋಲಾ ತಾಲೂಕಿನ ಸುಂಕಸಾಳವು ಅಂಕೋಲಾ–ಹುಬ್ಬಳ್ಳಿ ಹೆದ್ದಾರಿಯಲ್ಲಿ, ಗಂಗಾವಳಿ ನದಿಯ ಕಣಿವೆಯಲ್ಲಿರುವ ಊರು. ಒಂದು ಕಡೆ ಘಟ್ಟದ ಕಾಡು, ಇನ್ನೊಂದು ಕಡೆ ಸ್ವಲ್ಪ ದೂರದಲ್ಲಿ ಕರಾವಳಿ. ಹೀಗಾಗಿ ಇಲ್ಲಿನ ಅಡುಗೆಮನೆಗೆ ಕುಚಲಕ್ಕಿ, ತೆಂಗಿನಕಾಯಿ, ಮುರುಗಲು, ಅಪ್ಪೆಮಿಡಿ, ನುಗ್ಗೆ, ಬಾಳೆಕಾಯಿ, ಹಲಸು, ಕಾಳುಮೆಣಸು ಇವೆಲ್ಲ ಹಿತ್ತಿಲಿನಿಂದಲೋ ಹತ್ತಿರದ ಸಂತೆಯಿಂದಲೋ ಬರುತ್ತವೆ. ಇವುಗಳಲ್ಲಿ ಯಾವುದೂ ಕಂದಮೂಲವಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದೆ ರುಚಿಯಾದ, ಪುಷ್ಟಿಕರವಾದ ಊಟ ಮಾಡಲು ಈ ಸೀಮೆಯ ಶ್ರಾವಕ ಕುಟುಂಬಗಳು ಪೇಟೆಯ ವಿಶೇಷ ಪದಾರ್ಥಗಳಿಗಾಗಿ ಹುಡುಕಬೇಕಾಗಿಲ್ಲ.

ಉತ್ತರ ಕನ್ನಡ ಜಿಲ್ಲೆಗೆ ಜೈನ ಪರಂಪರೆ ಹೊಸದಲ್ಲ. ಗೇರುಸೊಪ್ಪೆಯ ಚತುರ್ಮುಖ ಬಸದಿ, ಹಾಡುವಳ್ಳಿ ಮತ್ತು ಭಟ್ಕಳದ ಬಸದಿಗಳು, ಬಿಳಗಿಯ ರತ್ನತ್ರಯ ಬಸದಿ, ಸೋಂದೆಯ ಜೈನ ಮಠ ಇದಕ್ಕೆ ಸಾಕ್ಷಿ. ಆಹಾರದ ವಿಚಾರವನ್ನೂ ಜೈನ ಗ್ರಂಥಕಾರರು ಗಂಭೀರವಾಗಿ ಬರೆದಿದ್ದಾರೆ. ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ವು ಮದ್ಯ, ಮಾಂಸ, ಮಧು ಮೂರನ್ನೂ ಬಿಟ್ಟು ಚಿಕಿತ್ಸೆ ಹೇಳಿದ ವೈದ್ಯಗ್ರಂಥ. 16ನೇ ಶತಮಾನದ ಜೈನ ಕವಿ ಮೂರನೆಯ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ ಎಂಬ ಶಾಕಾಹಾರಿ ಪಾಕಗ್ರಂಥವನ್ನೇ ರಚಿಸಿದ.

ಬಿಡುವುದಷ್ಟೇ ಸಾಲದು

ಅಭಕ್ಷ್ಯಗಳ ಪಟ್ಟಿ ಹೆಚ್ಚಿನ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಆದರೆ ಬಿಟ್ಟ ಪದಾರ್ಥದ ಜಾಗದಲ್ಲಿ ಏನು ಬಂತು ಎಂಬುದನ್ನು ನೋಡುವವರು ಕಡಿಮೆ. ಆಲೂಗಡ್ಡೆ ಬಿಟ್ಟು ಪ್ರತಿದಿನ ಕರಿದ ಬಾಳೆಕಾಯಿ ಚಿಪ್ಸ್ ತಿಂದರೆ ವ್ರತಭಂಗವಾಗುವುದಿಲ್ಲ, ಆದರೆ ದೇಹಕ್ಕೆ ಅದರಿಂದ ಹಿತವೂ ಇಲ್ಲ. ಏಕಾಶನದ ದಿನ ಒಂದೇ ಹೊತ್ತಿನಲ್ಲಿ ಎರಡು ಹೊತ್ತಿನ ಅನ್ನ ಉಂಡರೆ, ಪಾರಣೆಯ ದಿನ ಬೆಳಿಗ್ಗೆಯೇ ಹೋಳಿಗೆ, ಪಾಯಸ ತಿಂದರೆ ಹೊಟ್ಟೆಗೆ ಭಾರ.

ಬಾಹ್ಯ ತಪಸ್ಸುಗಳು ಆರು. ಅವುಗಳಲ್ಲಿ ಅನಶನ ಒಂದು ಮಾತ್ರ. ಹಸಿವಿಗಿಂತ ಸ್ವಲ್ಪ ಕಡಿಮೆ ಉಣ್ಣುವ ಅವಮೌದರ್ಯ, ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ–ಸಕ್ಕರೆ, ಉಪ್ಪು ಇವುಗಳಲ್ಲಿ ಒಂದನ್ನೋ ಹೆಚ್ಚನ್ನೋ ಬಿಡುವ ರಸಪರಿತ್ಯಾಗ ಇವೂ ತಪಸ್ಸುಗಳೇ. ದಿನನಿತ್ಯದ ಸಮತೋಲಿತ ಆಹಾರಕ್ಕೆ ಈ ಎರಡು ಹೆಚ್ಚು ಹತ್ತಿರ. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಹೆಚ್ಚು ಉಪ್ಪು ಬೇಡ ಎಂಬುದು ಇಂದಿನ ವೈದ್ಯಕೀಯ ಸಲಹೆ. ವಾರಕ್ಕೊಂದು ದಿನ ಸಕ್ಕರೆ ಅಥವಾ ಎಣ್ಣೆ ಬಿಡುವ ಶ್ರಾವಕರಿಗೆ ಉಳಿದ ದಿನಗಳಲ್ಲೂ ಅಳತೆ ತಪ್ಪದಂತೆ ಉಣ್ಣುವುದು ಸುಲಭವಾಗುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಂತೆ, 2000 ಕಿಲೋ ಕ್ಯಾಲೊರಿಯ ಸಸ್ಯಾಹಾರಿ ದಿನಕ್ಕೆ ಧಾನ್ಯ ಸುಮಾರು 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ–ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್ ಬೇಕು. ನಮ್ಮ ಮನೆಗಳ ತಟ್ಟೆಯಲ್ಲಿ ಸಾಮಾನ್ಯವಾಗಿ ಅನ್ನ ಹೆಚ್ಚು, ಬೇಳೆ ಮತ್ತು ತರಕಾರಿ ಕಡಿಮೆ. ಮೊದಲು ಸರಿಪಡಿಸಬೇಕಾದದ್ದು ಇದನ್ನೇ.

ಸಂಜೆಯ ಊಟದ ಹೊತ್ತು

ಅಂಕೋಲಾ ಸೀಮೆಯಲ್ಲಿ ಜೂನ್ ಕೊನೆಯಲ್ಲಿ ಸೂರ್ಯಾಸ್ತ ಸಂಜೆ ಸುಮಾರು 7 ಗಂಟೆಗೆ, ನವೆಂಬರ್ ಕೊನೆಯಲ್ಲಿ ಸುಮಾರು 6 ಗಂಟೆಗೆ. ಚಳಿಗಾಲದಲ್ಲಿ ಶಾಲೆ, ಕಾಲೇಜು, ಕೆಲಸ ಮುಗಿಸಿ ಬಸ್ಸಿನಲ್ಲಿ ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ. ಅನಸ್ತಮಿತ ವ್ರತ ಪಾಲಿಸುವವರು ಅಂಥ ದಿನ ಹಸಿದೇ ಮಲಗುವುದುಂಟು.

ಇದಕ್ಕಿಂತ ಹೆಚ್ಚು ಗಮನಕ್ಕೆ ಬಾರದ ಸಂಗತಿ ಮನೆಯೊಳಗೇ ಇದೆ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಶ್ರಾವಿಕೆಯ ಪಾಲಿಗೆ ಹೊತ್ತೇ ಉಳಿಯುವುದಿಲ್ಲ. ಎರಡು ತುತ್ತು ಉಂಡು ಏಳುವುದು, ಅಥವಾ ‘ಇವತ್ತು ಬೇಡ’ ಎಂದು ಬಿಡುವುದು ವರ್ಷಗಟ್ಟಲೆ ನಡೆದರೆ ಅದು ತಪಸ್ಸಾಗುವುದಿಲ್ಲ, ರಕ್ತಹೀನತೆಗೆ ದಾರಿಯಾಗುತ್ತದೆ. ಸಂಕಲ್ಪ ಮಾಡಿ ಬಿಡುವುದು ಬೇರೆ, ಹೊತ್ತು ಸಿಗದೆ ತಪ್ಪುವುದು ಬೇರೆ. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ಅಡುಗೆ ಮುಗಿಯುವಂತೆ ಮಾಡಿ, ಮನೆಯವರೆಲ್ಲ ಒಟ್ಟಿಗೆ ಕುಳಿತು ತಾವೇ ಬಡಿಸಿಕೊಂಡು ಉಣ್ಣುವ ರೂಢಿ ಇದಕ್ಕೆ ಪರಿಹಾರ. ಹೊರಗೆ ದುಡಿಯುವವರು ಸಂಜೆಯ ಊಟವನ್ನು ಡಬ್ಬಿಯಲ್ಲಿ ಒಯ್ದು ಐದು ಗಂಟೆಯ ಹೊತ್ತಿಗೇ ಮುಗಿಸಬಹುದು. ಕೆಳಗಿನ ಪಾಕಗಳನ್ನು ಈ ಅನುಕೂಲ ನೋಡಿಯೇ ಆರಿಸಲಾಗಿದೆ.

1. ಕುಚಲಕ್ಕಿ–ಹೆಸರುಬೇಳೆ ಗಂಜಿ (ನಾಲ್ವರಿಗೆ)

ಬೇಕಾಗುವುದು: ಕುಚಲಕ್ಕಿ 1 ಲೋಟ, ಹೆಸರುಬೇಳೆ ಅರ್ಧ ಲೋಟ, ಸೋಸಿದ ನೀರು 7 ಲೋಟ, ಜೀರಿಗೆ 1 ಚಮಚ, ಕಾಳುಮೆಣಸು 8, ಕಾಯಿತುರಿ 3 ಚಮಚ, ತುಪ್ಪ 2 ಚಮಚ, ಉಪ್ಪು.

ವಿಧಾನ: ಅಕ್ಕಿ, ಬೇಳೆ ಆರಿಸಿ ತೊಳೆಯಬೇಕು. ಕುಚಲಕ್ಕಿ ಬೇಯಲು ಹೊತ್ತು ಹಿಡಿಯುವುದರಿಂದ ಮೊದಲು ಅದನ್ನು ಅರೆಬೇಯಿಸಿ, ಆಮೇಲೆ ಹುರಿದ ಹೆಸರುಬೇಳೆ ಹಾಕಿ ಎರಡೂ ಮೆತ್ತಗಾಗುವವರೆಗೆ ಬೇಯಿಸಬೇಕು. ಜೀರಿಗೆ, ಮೆಣಸನ್ನು ತರಿತರಿಯಾಗಿ ಕುಟ್ಟಿ ತುಪ್ಪದಲ್ಲಿ ಹುರಿದು, ಕಾಯಿತುರಿಯ ಜೊತೆ ಸೇರಿಸಿ, ಉಪ್ಪು ಹಾಕಿ ಒಂದು ಕುದಿ ಬರಿಸಿದರೆ ಸಾಕು.

ಗುಣ: ಅಕ್ಕಿಯಲ್ಲಿ ಕಡಿಮೆ ಇರುವ ಅಮೈನೊ ಆಮ್ಲ ಬೇಳೆಯಲ್ಲಿದೆ, ಬೇಳೆಯಲ್ಲಿ ಕಡಿಮೆ ಇರುವುದು ಅಕ್ಕಿಯಲ್ಲಿದೆ. ಎರಡೂ ಸೇರಿದಾಗ ಪ್ರೋಟೀನ್ ಪೂರ್ಣವಾಗುತ್ತದೆ. ಈ ಅಳತೆಯಲ್ಲಿ ಒಬ್ಬರಿಗೆ ಸುಮಾರು 10 ಗ್ರಾಂ ಪ್ರೋಟೀನ್ ಸಿಗುತ್ತದೆ. ಮೊಳಕೆ ಬರಿಸಿದ ಕಾಳನ್ನು ಬಿಟ್ಟವರಿಗೂ ಬೇಳೆಯಿಂದ ಈ ಪೋಷಣೆ ತಪ್ಪುವುದಿಲ್ಲ.

2. ನುಗ್ಗೆಸೊಪ್ಪಿನ ಪಲ್ಯ

ಬೇಕಾಗುವುದು: ಬಿಡಿಸಿದ ನುಗ್ಗೆಸೊಪ್ಪು 4 ಹಿಡಿ, ಬೇಯಿಸಿದ ತೊಗರಿಬೇಳೆ ಅರ್ಧ ಲೋಟ, ಕಾಯಿತುರಿ ಕಾಲು ಲೋಟ, ಒಣಮೆಣಸು 2, ಸಾಸಿವೆ, ಇಂಗು, ಎಣ್ಣೆ 1 ಚಮಚ, ಅರ್ಧ ಲಿಂಬೆಹಣ್ಣು.

ವಿಧಾನ: ಸೊಪ್ಪನ್ನು ಹಗಲು ಬೆಳಕಿನಲ್ಲಿ ಎಲೆ ಎಲೆಯಾಗಿ ನೋಡಿ ಆರಿಸಬೇಕು. ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆಗೆ ಸೊಪ್ಪು ಹಾಕಿ, ಸ್ವಲ್ಪ ನೀರು ಚಿಮುಕಿಸಿ 6–7 ನಿಮಿಷ ಬಾಡಿಸಬೇಕು. ಬೇಳೆ, ಉಪ್ಪು, ಕಾಯಿತುರಿ ಸೇರಿಸಿ ಇಳಿಸಿದ ಮೇಲೆ ಲಿಂಬೆರಸ ಹಿಂಡಬೇಕು.

ಗುಣ: ಸೊಪ್ಪು, ಬೇಳೆಯ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಲಿಂಬೆಯ ಸಿ ಜೀವಸತ್ವ ನೆರವಾಗುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಈ ಲಾಭ ಕಡಿಮೆಯಾಗುತ್ತದೆ. ಚಹಾಕ್ಕೂ ಊಟಕ್ಕೂ ಒಂದು ಗಂಟೆಯ ಅಂತರವಿರಲಿ.

3. ದೊಡ್ಡಪತ್ರೆ ತಂಬುಳಿ, ದ್ವಿದಳ ದೋಷವಿಲ್ಲದಂತೆ

ತಂಬುಳಿ ಉತ್ತರ ಕನ್ನಡದ ನಿತ್ಯದ ಅಡುಗೆ. ಆದರೆ ರೂಢಿಯ ಒಗ್ಗರಣೆಯಲ್ಲಿ ಉದ್ದಿನಬೇಳೆ ಇರುತ್ತದೆ. ಕೆಲವರು ಮೆಂತ್ಯವನ್ನೂ ಹಾಕುತ್ತಾರೆ. ಹಸಿ ಮಜ್ಜಿಗೆಯ ಜೊತೆ ಇವು ಸೇರಿದರೆ ದ್ವಿದಳ ದೋಷವಾಗುತ್ತದೆಂದು ಅನೇಕ ಶ್ರಾವಕರು ತಂಬುಳಿಯನ್ನೇ ಬಿಡುತ್ತಾರೆ. ಬಿಡಬೇಕಾದದ್ದು ಬೇಳೆಯನ್ನು, ತಂಬುಳಿಯನ್ನಲ್ಲ.

ವಿಧಾನ: 10–12 ದೊಡ್ಡಪತ್ರೆ ಎಲೆ, ಅರ್ಧ ಚಮಚ ಜೀರಿಗೆ, 4 ಕಾಳುಮೆಣಸನ್ನು ಅರ್ಧ ಚಮಚ ತುಪ್ಪದಲ್ಲಿ ಬಾಡಿಸಿ ಆರಿಸಬೇಕು. ಕಾಲು ಲೋಟ ಕಾಯಿತುರಿಯ ಜೊತೆ ನುಣ್ಣಗೆ ರುಬ್ಬಿ, ಒಂದೂವರೆ ಲೋಟ ತಾಜಾ ಮಜ್ಜಿಗೆ, ಉಪ್ಪು ಬೆರೆಸಬೇಕು. ಒಗ್ಗರಣೆಗೆ ಸಾಸಿವೆ, ಒಣಮೆಣಸು ಮಾತ್ರ. ಈ ತಂಬುಳಿಯನ್ನು ಬರಿಯ ಅನ್ನದ ಜೊತೆ ಉಣ್ಣಬೇಕು. ಬೇಳೆಯ ಪಲ್ಯ, ಗಂಜಿ ಇರುವ ಹೊತ್ತಿಗೆ ಇದನ್ನು ಮಾಡಬಾರದು.

4. ಮುರುಗಲು ಸಾರು

ವಿಧಾನ: ಒಣಗಿದ 8–10 ಮುರುಗಲು ಸಿಪ್ಪೆಯನ್ನು ತೊಳೆದು, ಎರಡು ಲೋಟ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಬೇಕು. ಹಿಚುಕಿ ಸೋಸಿದ ಕೆಂಪು ರಸಕ್ಕೆ ಇನ್ನೆರಡು ಲೋಟ ನೀರು, ಸಣ್ಣ ತುಂಡು ಬೆಲ್ಲ, ಒಂದು ಹಸಿಮೆಣಸು, ಚಿಟಿಕೆ ಒಣಶುಂಠಿ ಪುಡಿ ಹಾಕಿ ಕುದಿಸಬೇಕು. ತುಪ್ಪದಲ್ಲಿ ಜೀರಿಗೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಬೇಕು. ಹುಳಿ ಇರುವುದರಿಂದ ಸ್ಟೀಲ್ ಅಥವಾ ಮಣ್ಣಿನ ಪಾತ್ರೆಯೇ ಆಗಬೇಕು, ಅಲ್ಯೂಮಿನಿಯಂ, ತಾಮ್ರ ಬೇಡ. ಸಿಪ್ಪೆಗೆ ಉಪ್ಪು ಹಾಕಿ ಒಣಗಿಸಿದ್ದರೆ ಸಾರಿಗೆ ಮತ್ತೆ ಉಪ್ಪು ಹಾಕುವ ಮೊದಲು ರುಚಿ ನೋಡಬೇಕು. ರಕ್ತದೊತ್ತಡ ಇರುವವರು ಇದನ್ನು ಮರೆಯಬಾರದು.

5. ಪಾರಣೆಗೆ ರಾಗಿ ಮಣ್ಣಿ

ವಿಧಾನ: 4 ಚಮಚ ರಾಗಿ ಹಿಟ್ಟನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಬೇಯಿಸಬೇಕು. ಗಟ್ಟಿಯಾಗುತ್ತಾ ಬಂದಾಗ ಒಂದು ಲೋಟ ಕಾಯಿಸಿದ ಹಾಲು, ಸ್ವಲ್ಪ ಬೆಲ್ಲ, ಏಲಕ್ಕಿ ಹಾಕಿ ಇಳಿಸಬೇಕು. ಉಪವಾಸದ ಮರುದಿನ ಹೊಟ್ಟೆಗೆ ಹಗುರ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುವುದರಿಂದ ಮಕ್ಕಳಿಗೆ, ವೃದ್ಧರಿಗೆ ಒಳ್ಳೆಯದು. ಹಿಟ್ಟಿನ ಮರ್ಯಾದೆ ಚಳಿಗಾಲದಲ್ಲಿ 7, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3 ದಿನ. ಆದ್ದರಿಂದ ಒಮ್ಮೆಗೆ ಸ್ವಲ್ಪವೇ ಬೀಸಿಸಿಕೊಳ್ಳಬೇಕು.

ಚಾತುರ್ಮಾಸದಲ್ಲಿ ಸೊಪ್ಪಿನ ಬದಲು

ಜಿಲ್ಲೆಯ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಎಲೆಗಳಲ್ಲಿ ಸೂಕ್ಷ್ಮ ಜೀವಿಗಳು ಹೆಚ್ಚುವುದರಿಂದ ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ನಿಯಮ ಈ ಸೀಮೆಗೆ ಬಹಳ ಸರಿಯಾದದ್ದು. ಆಗ ಸೊಪ್ಪಿನ ಪಲ್ಯ, ದೊಡ್ಡಪತ್ರೆ ತಂಬುಳಿ ಎರಡೂ ನಿಲ್ಲುತ್ತವೆ. ಆದರೆ ನಾಲ್ಕು ತಿಂಗಳು ಬರಿ ಅನ್ನ–ಸಾರಿನಲ್ಲಿ ಕಳೆಯಬಾರದು. ಹೀರೆ, ಹಾಗಲ, ಬೆಂಡೆ, ಸೌತೆ, ನುಗ್ಗೆಕಾಯಿ, ಬಾಳೆಕಾಯಿ ಪಲ್ಯ, ವಾರಕ್ಕೆ ಎರಡು ಮೂರು ಸಲ ಹುರಿದ ಎಳ್ಳಿನ ಚಟ್ನಿ, ಬೇಸಿಗೆಯಲ್ಲೇ ಒಣಗಿಸಿಟ್ಟ ಮುರುಗಲು ಇವು ಕೊರತೆ ತುಂಬುತ್ತವೆ. ಹಣ್ಣಿನಲ್ಲಿ ಬಾಳೆ ವರ್ಷವಿಡೀ ಇದೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಅಂಕೋಲೆಯ ಕರಿ ಇಶಾಡ ಮಾವು ಮಳೆ ಹಿಡಿಯುವ ಮೊದಲೇ ಮುಗಿಯುವ ಹಣ್ಣು.

ಎಚ್ಚರ ವಹಿಸಬೇಕಾದವರು

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಔಷಧ ನುಂಗಿ ಉಪವಾಸ ಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ಕಣ್ಣು ಮಂಜಾಗುವುದು ಇದರ ಲಕ್ಷಣಗಳು. 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಕೂಡಲೇ ಬೆಲ್ಲದ ನೀರಾದರೂ ಕುಡಿಯಬೇಕು, ಆಗ ಹೊತ್ತು ನೋಡಬಾರದು. ದಶಲಕ್ಷಣ ಪರ್ವ, ನೋಂಪಿಗಳಿಗೆ ಮೊದಲೇ ವೈದ್ಯರಲ್ಲಿ ಕೇಳಿ ಔಷಧದ ಹೊತ್ತು, ಪ್ರಮಾಣ ಬದಲಿಸಿಕೊಳ್ಳುವುದು ಕ್ಷೇಮ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು ಅನಶನದ ಬದಲು ರಸಪರಿತ್ಯಾಗದಂಥ ಸಣ್ಣ ನಿಯಮ ಹಿಡಿಯಬಹುದು.

ಬಿ12 ಜೀವಸತ್ವ ಸಸ್ಯಾಹಾರದಲ್ಲಿ ಮುಖ್ಯವಾಗಿ ಹಾಲು, ಮೊಸರಿನಿಂದಲೇ ಸಿಗಬೇಕು. ಹಾಲನ್ನೂ ಬಿಟ್ಟವರು, ಕೈಕಾಲು ಜೋಮು ಹಿಡಿಯುವುದು, ಸುಸ್ತು ಇರುವವರು ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಕ್ಯಾಪ್ಸೂಲಿನ ಹೊರಕವಚ ಪ್ರಾಣಿಜನ್ಯ ಜಿಲೆಟಿನ್‌ನದ್ದಾಗಿರಬಹುದು. ಅಂಗಡಿಯಲ್ಲಿ ಕೇಳಿ ಸಸ್ಯಜನ್ಯ ಕವಚದ್ದನ್ನು ಆರಿಸಬೇಕು, ಇಲ್ಲವೇ ಬೇರೆ ರೂಪದ ಔಷಧವನ್ನು ವೈದ್ಯರಿಂದ ಬರೆಸಿಕೊಳ್ಳಬೇಕು.

ಒಂದು ದಿನದ ಮಾದರಿ

ಸೂರ್ಯೋದಯದ ನಂತರ ರಾಗಿ ಮಣ್ಣಿ, ಒಂದು ಬಾಳೆಹಣ್ಣು. ಮಧ್ಯಾಹ್ನ ಅನ್ನ, ಹೀರೆಕಾಯಿ ಪಲ್ಯ, ದೊಡ್ಡಪತ್ರೆ ತಂಬುಳಿ. ನಾಲ್ಕು ಗಂಟೆಗೆ ಒಂದು ಹಿಡಿ ಹುರಿದ ಶೇಂಗಾ ಅಥವಾ ಎಳ್ಳು–ಬೆಲ್ಲ. ಸೂರ್ಯಾಸ್ತಕ್ಕೆ ಮೊದಲು ಹೆಸರುಬೇಳೆ ಗಂಜಿ, ನುಗ್ಗೆಸೊಪ್ಪಿನ ಪಲ್ಯ, ಸೋಸಿ ಕಾಯಿಸಿದ ನೀರು. ಮಳೆಗಾಲದಲ್ಲಿ ತಂಬುಳಿಯ ಜಾಗಕ್ಕೆ ಮುರುಗಲು ಸಾರು, ಸೊಪ್ಪಿನ ಜಾಗಕ್ಕೆ ನುಗ್ಗೆಕಾಯಿ ಬರಲಿ. ಇದರಲ್ಲಿ ಕಂದಮೂಲವಿಲ್ಲ, ದ್ವಿದಳ ದೋಷವಿಲ್ಲ, ರಾತ್ರಿಭೋಜನವಿಲ್ಲ. ಅಡುಗೆ ಮಾಡಿದವರೂ ಬೆಳಕಿರುವಾಗಲೇ ಹೊಟ್ಟೆ ತುಂಬ ಉಣ್ಣುವಷ್ಟು ಹೊತ್ತು ಉಳಿಯುತ್ತದೆ.