ನಾಡಿನ ಕಟ್ಟಡಗಳಲ್ಲಿ ಭಾರವೂ ಆಧಾರವೂ

ದೇವಾಲಯವಾಗಲಿ, ಮಠವಾಗಲಿ, ಬಡವನ ಗುಡಿಸಲಾಗಲಿ, ಮನುಷ್ಯನು ಕಟ್ಟಿದ ಸಕಲ ಕಟ್ಟಡಗಳೂ ಒಂದೇ ನಿಯಮಕ್ಕೆ ಅಧೀನವಾಗಿರುವುವು. ಮೇಲಿನ ಭಾರವೆಲ್ಲವೂ ನಡುವೆ ಎಲ್ಲಿಯೂ ಆಧಾರ ತಪ್ಪದೆ ಭೂಮಿಯನ್ನು ಸೇರಬೇಕು. ಮಾಳಿಗೆಯ ಭಾರವು ತೊಲೆಗೆ, ತೊಲೆಯದು ಕಂಬಕ್ಕೆ, ಕಂಬದ್ದು ಅಡಿಪಾಯಕ್ಕೆ, ಅಡಿಪಾಯದ್ದು ನೆಲಕ್ಕೆ ಇಳಿಯುವುದು. ಈ ದಾರಿಯು ಎಲ್ಲಿ ಕಡಿಯುವುದೋ ಅಲ್ಲಿಯೇ ಕಟ್ಟಡದ ಕೇಡಿಗೆ ಮೊದಲು. ಕನ್ನಡ ನಾಡಿನ ಶಿಲ್ಪಿಗಳು ಈ ಮರ್ಮವನ್ನು ಅರಿತು ನಡೆದುದಕ್ಕೆ ಅವರ ಕೃತಿಗಳೇ ಸಾಕ್ಷಿ.

ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗಾಗಿ ರಾಣಿ ಲೋಕಮಹಾದೇವಿಯು 8ನೆಯ ಶತಮಾನದಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದಳು. ಅದರ ಸೂತ್ರಧಾರಿ ಗುಂಡನ ಹೆಸರು ಶಾಸನದಲ್ಲಿ ಉಳಿದಿರುವುದು. ಅಲ್ಲಿಯದು ಕಂಬ-ತೊಲೆಗಳ ಪದ್ಧತಿ. ಕಲ್ಲು ಒತ್ತನ್ನು ಬಹಳ ತಾಳುವುದು, ಸೆಳೆತವನ್ನು ಮಾತ್ರ ತಾಳದು. ಎರಡು ಕಂಬಗಳ ಮೇಲೆ ಮಲಗಿಸಿದ ತೊಲೆಯು ಭಾರಕ್ಕೆ ಬಾಗುವಾಗ ಅದರ ಮೇಲುಮೈ ಒತ್ತಲ್ಪಡುವುದು, ಕೆಳಮೈ ಸೆಳೆಯಲ್ಪಡುವುದು. ಬಿರುಕು ಹುಟ್ಟುವುದು ಆ ಕೆಳಮೈಯಲ್ಲಿಯೇ. ಉದ್ದಕ್ಕೂ ಒಂದೇ ಸಮನಾದ ಭಾರವಿದ್ದಾಗ ಕಂಬಗಳ ಅಂತರವನ್ನು 2 ಪಟ್ಟು ಮಾಡಿದರೆ ಬಾಗಿಸುವ ಬಲವು 4 ಪಟ್ಟಾಗುವುದು. ಆದಕಾರಣವೇ ಹಿಂದಿನವರು ಅಂಕಣಗಳನ್ನು ಕಿರಿದಾಗಿಟ್ಟು, ಕಂಬಗಳನ್ನು ಒತ್ತಾಗಿ ನಿಲ್ಲಿಸಿದರು. ಕಂಬದ ತಲೆಯ ಮೇಲಿನ ಬೋದಿಗೆಯೂ ಕೇವಲ ಅಲಂಕಾರಕ್ಕಾಗಿ ಇಟ್ಟುದಲ್ಲ. ಅದು ಎರಡೂ ಕಡೆಗೆ ಕೈಚಾಚಿ ತೊಲೆಯ ಬಯಲನ್ನು ಕುಗ್ಗಿಸುವುದು.

ಕಂಬಗಳಿಲ್ಲದ ವಿಶಾಲ ಸ್ಥಳವು ಬೇಕಾದಾಗ ಕಮಾನೇ ಗತಿ. ಕಮಾನಿನ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡು ನಿಲ್ಲುವುದರಿಂದ ಸೆಳೆತಕ್ಕೆ ಅಲ್ಲಿ ಎಡೆಯು ಕಡಿಮೆ. ಆದರೆ ಕಮಾನು ತನ್ನ ಕಾಲುಗಳನ್ನು ಹೊರಕ್ಕೆ ನೂಕುವುದು. ಆ ನೂಕನ್ನು ತಡೆಯದಿದ್ದರೆ ಗೋಡೆಯು ಬಾಯ್ಬಿಡುವುದು. ಈ ತೊಡಕನ್ನು ಬಿಡಿಸಿದ ಉಜ್ಜ್ವಲ ನಿದರ್ಶನವು ವಿಜಯಪುರದ ಗೋಲಗುಮ್ಮಟ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಹನ ಗೋರಿಯ ಮೇಲಿನ ಈ ಕಟ್ಟಡದ ಒಳಗಣ ಚೌಕವು ಒಂದೊಂದು ಬದಿಗೆ ಸುಮಾರು 135 ಅಡಿ. ಗುಮ್ಮಟದ ಒಳವ್ಯಾಸವು ಸುಮಾರು 124 ಅಡಿ. ನಡುವೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಛೇದಿಸುವ 8 ಕಮಾನುಗಳು ಚೌಕದ ಮೂಲೆಗಳನ್ನು ಮುಚ್ಚುತ್ತ ಒಳಮುಖವಾಗಿ ಬೆಳೆದು, ಗುಮ್ಮಟಕ್ಕೆ ದುಂಡಾದ ಪೀಠವನ್ನು ಒದಗಿಸುವುವು. ಗುಮ್ಮಟವು ಹೊರಕ್ಕೆ ನೂಕುತ್ತಿರಲು, ಒಳಕ್ಕೆ ಚಾಚಿದ ಈ ಕಮಾನುಗಳ ಮಹಾಭಾರವು ಅದನ್ನು ಒಳಕ್ಕೆ ಎಳೆದು ಸರಿದೂಗಿಸುವುದು. ಭಾರವೇ ಭಾರಕ್ಕೆ ಆಧಾರವಾದ ಅಪೂರ್ವ ಯುಕ್ತಿಯಿದು!

ಮೇಲಿನ ಜಾಣ್ಮೆ ಎಷ್ಟಿದ್ದರೂ ಕೆಳಗಿನ ನೆಲವು ಬಿಟ್ಟುಕೊಟ್ಟರೆ ಎಲ್ಲವೂ ವ್ಯರ್ಥ. ಎರೆಭೂಮಿಯು ನೀರು ಕುಡಿದು ಉಬ್ಬುವುದು, ಬೇಸಗೆಯಲ್ಲಿ ಕುಗ್ಗಿ ಬಿರಿಯುವುದು; ಅದರ ಮೇಲಿಟ್ಟ ತೆಳುವಾದ ಅಡಿಪಾಯವು ವರ್ಷವರ್ಷವೂ ಅಲುಗಾಡುವುದು. ಅದಕ್ಕಾಗಿಯೇ ಎರೆಯನ್ನು ದಾಟಿ ಗಟ್ಟಿನೆಲವು ಸಿಕ್ಕುವತನಕ ಅಗೆಯಬೇಕು. ಕೃಷ್ಣದೇವರಾಯನು 1516ರಲ್ಲಿ ಕಟ್ಟಿಸಿದ ಶ್ರೀಕಾಳಹಸ್ತಿಯ ರಾಜಗೋಪುರವು ಸುಮಾರು 5 ಶತಮಾನಗಳ ಕಾಲ ನಿಂತಿದ್ದು, ಮೈಯಲ್ಲಿ ಬಿರುಕುಗಳು ತೋರಿದ ಮೇಲೆ 2010ನೆಯ ಮೇ 26ರಂದು ಕುಸಿದು ಬಿದ್ದಿತು. 2024ರ ಮೇ ತಿಂಗಳಲ್ಲಿ ಭಾರಿ ಮಳೆಯ ಬಳಿಕ ಹಂಪೆಯ ವಿರೂಪಾಕ್ಷ ದೇವಾಲಯದ ಮುಂದಣ ಸಾಲುಮಂಟಪದ ಒಂದು ಭಾಗವು ನೆಲಕ್ಕೊರಗಿತು. ಬಿರುಕು ಎಂಬುದು ಕಟ್ಟಡವು ಆಡುವ ಮಾತು. ಗಾರೆ ಮೆತ್ತಿ ಸುಣ್ಣ ಬಳಿದರೆ ಆ ಮಾತು ಅಡಗುವುದೇ ಹೊರತು ರೋಗವು ಹೋಗದು.

ಇಂದಿನ ಕಟ್ಟಡಗಳಲ್ಲಿ ಕಬ್ಬಿಣವು ಬಂದಿರುವುದು. ಫ್ರಾನ್ಸ್ ದೇಶದ ತೋಟಗಾರ ಜೋಸೆಫ್ ಮೊನಿಯೇ ಎಂಬಾತನು 1867ರಲ್ಲಿ ಗಿಡದ ತೊಟ್ಟಿಗಳ ಕಾಂಕ್ರೀಟಿನೊಳಗೆ ಕಬ್ಬಿಣವನ್ನು ಹುದುಗಿಸುವ ಉಪಾಯಕ್ಕೆ ಹಕ್ಕುಪತ್ರವನ್ನು ಪಡೆದನು. ಬಳಿಕ ಅದು ಮನೆ, ಸೇತುವೆಗಳಿಗೂ ವ್ಯಾಪಿಸಿತು. ಕಾಂಕ್ರೀಟು ಕಲ್ಲಿನಂತೆ ಒತ್ತನ್ನು ಹೊರುವುದು. ತೊಲೆಯ ಕೆಳಮೈಯಲ್ಲಿಟ್ಟ ಕಬ್ಬಿಣವು ಸೆಳೆತವನ್ನು ಹೊರುವುದು. ಆದರೆ ನೀರು ಒಳಹೊಕ್ಕು ತುಕ್ಕು ಹಿಡಿದರೆ ಕಬ್ಬಿಣವು ಉಬ್ಬಿ ಕಾಂಕ್ರೀಟನ್ನೇ ಒಡೆಯುವುದು.

ಮಠಗಳ ಉತ್ಸವಕಾಲದಲ್ಲಿ ಭಕ್ತರು ಹೊಸ ಅಂತಸ್ತು, ಹೊಸ ಗೋಪುರಗಳನ್ನು ಅರ್ಪಿಸಲು ಮುಂದಾಗುವುದು ಸಹಜವು, ಶ್ಲಾಘ್ಯವು. ಆದರೆ ಮಣ್ಣಿನಲ್ಲಿ ಕಟ್ಟಿದ ಹಳೆಯ ಗೋಡೆಯ ಮೇಲೆ ಕಾಂಕ್ರೀಟಿನ ಭಾರವನ್ನು ಹೇರುವಾಗಲೂ, ಸಭಾಂಗಣವನ್ನು ಹಿಗ್ಗಿಸಲು ನಡುಗಂಬವನ್ನು ತೆಗೆಯುವಾಗಲೂ, ಆ ಭಾರವು ನೆಲಕ್ಕೆ ಇಳಿಯುವ ದಾರಿ ಯಾವುದೆಂದು ಬಲ್ಲವರನ್ನು ಮೊದಲು ಕೇಳತಕ್ಕದ್ದು. ಮಾಳಿಗೆಯ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಹರಿಗಾಲುವೆಯನ್ನು ಮಾಡಿಸುವ ಸೇವೆಯು ಕಳಸವನ್ನು ಏರಿಸುವ ಸೇವೆಗಿಂತ ಕಿರಿದೇನೂ ಅಲ್ಲ. ಸ್ಥಾವರಕ್ಕಿಂತ ಜಂಗಮವೇ ಹಿರಿದೆಂದು ಸಾರಿದುದು ಶರಣಧರ್ಮ. ದಾಸೋಹದ ಪಂಕ್ತಿಯಲ್ಲಿ ಕುಳಿತ ಯಾತ್ರಿಕರೂ, ಓದಲು ಬಂದ ಮಕ್ಕಳೂ ಆ ಛಾವಣಿಯ ಕೆಳಗೆ ಇರುವವರು. ಅವರ ತಲೆಯ ಮೇಲಿನ ಕಲ್ಲನ್ನು ಭದ್ರವಾಗಿ ನಿಲ್ಲಿಸುವುದು ಸ್ಥಾವರದ ಪೂಜೆಯಲ್ಲ, ಜಂಗಮದ ರಕ್ಷಣೆ. ಕಣ್ಣಿಗೆ ಕಾಣುವ ಶಿಖರದಷ್ಟೇ ಕಾಣದ ಅಡಿಪಾಯದ ಮೇಲೂ ಸದ್ಭಕ್ತರ ಲಕ್ಷ್ಯವಿರಲಿ, ಸರ್ವರಿಗೂ ಮಂಗಳವಾಗಲಿ.