ದುಂಡು ಪಿನ್ನಿನ ನಂಟು

ಕೊಲಂಬೊಗೆ ಹೊರಟವರು ಅಡಾಪ್ಟರ್ ಕೊಳ್ಳಬೇಕು. ಅಲ್ಲಿ ಈಗ ಚೌಕ ಪಿನ್ನಿನ 13 ಆಂಪಿಯರ್ ಸಾಕೆಟ್ಟೇ ಅಧಿಕೃತ. ಲಾಹೋರಿಗೆ ಹೋದ ಭಾರತೀಯರಿಗೆ ಸಾಮಾನ್ಯವಾಗಿ ಈ ತೊಡಕಿಲ್ಲ. ಬಹುತೇಕ ಮನೆಗಳಲ್ಲಿ ಅದೇ ದುಂಡು ರಂಧ್ರಗಳು, ಅದೇ 230 ವೋಲ್ಟ್, ಅದೇ 50 ಹರ್ಟ್ಸ್. ಇಸ್ತ್ರಿಪೆಟ್ಟಿಗೆಯ ದಪ್ಪ ಪಿನ್ನು ಸಣ್ಣ ರಂಧ್ರಕ್ಕೆ ಹೋಗದೆಂಬ ತಾಪತ್ರಯವೂ ಎರಡೂ ಕಡೆ ಒಂದೇ!

ದುಂಡು ಪಿನ್ನಿನ ಬ್ರಿಟಿಷ್ ಮಾನಕ ಬಿ.ಎಸ್. 546 ಪ್ರಕಟವಾದದ್ದು 1934ರಲ್ಲಿ. ಮಹಾಯುದ್ಧದಲ್ಲಿ ಮನೆಗಳು ನೆಲಸಮವಾದ ಬ್ರಿಟನ್, ಮರುನಿರ್ಮಾಣದ ವೇಳೆ ತಾಮ್ರ ಉಳಿಸುವ ಹೊಸ ವೈರಿಂಗಿಗೆ ಹೊಂದುವಂತೆ 1947ರಲ್ಲಿ ಚೌಕ ಪಿನ್ನಿನ ಮಾನಕ ತಂದಿತು. ಅದೇ ವರ್ಷ ನಮ್ಮನ್ನು ಎರಡು ಮಾಡಿ ಹೊರಟಿತು. ಪಾಲಾದ ಮನೆಯ ಇಬ್ಬರೂ ಹಳೆಯ ಪಿನ್ನನ್ನೇ ಇಟ್ಟುಕೊಂಡರು.

ಪಿನ್ನಷ್ಟೇ ಅಲ್ಲ, ಕರೆಂಟೂ ಒಂದೇ ಆಗಿತ್ತು. ಮಂಡಿ ಸಂಸ್ಥಾನದ ಜೋಗಿಂದರ್ ನಗರದಲ್ಲಿ ಊಹಲ್ ನದಿಯ ನೀರಿನಿಂದ ನಡೆಯುವ ಶಾನನ್ ವಿದ್ಯುದಾಗಾರವನ್ನು 1933ರ ಮಾರ್ಚಿನಲ್ಲಿ ವೈಸ್‌ರಾಯ್ ವಿಲಿಂಗ್ಡನ್ ಉದ್ಘಾಟಿಸಿದ್ದು ಲಾಹೋರಿನಿಂದ. ತಂತಿ ಬೆಟ್ಟ ಇಳಿದು, ಪಂಜಾಬಿನ ಬಯಲು ದಾಟಿ ಅಲ್ಲಿಯವರೆಗೆ ಬಂದಿತ್ತು. ರ‍್ಯಾಡ್‌ಕ್ಲಿಫ್ ಗೆರೆ ಎಳೆದಾಗ ವಿದ್ಯುದಾಗಾರ ಈಚೆ ಉಳಿಯಿತು, ಲಾಹೋರಿನ ದೀಪಗಳು ಆಚೆ. ವಿಭಜನೆಯ ಕಥೆಯಲ್ಲಿ ರೈಲುಗಳು ಬರುತ್ತವೆ, ಈ ತಂತಿ ಯಾಕೋ ಬರುವುದಿಲ್ಲ.

2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ಹತ್ಯಾಕಾಂಡದ ನಂತರ, ಅಟಾರಿ ಠಾಣೆ ಮುಚ್ಚಿತು, ವೀಸಾಗಳು ರದ್ದಾದವು. ನೆಂಟರನ್ನು ನೋಡಲು ಬಂದಿದ್ದ ಎರಡೂ ದೇಶದವರು ಗೋಡೆಯಿಂದ ಚಾರ್ಜರ್ ಕಿತ್ತು, ಪೆಟ್ಟಿಗೆ ಕಟ್ಟಿ, ಗಡಿಯ ದಾರಿ ಹಿಡಿದರು.