ಗಾಜನ್ನು ಕಲೆಯಾಗಿಸಿದ ಶಿಲ್ಪಿ: ಬಾಲನ್ ನಂಬಿಯಾರ್

ನಮ್ಮ ಗೋನೆಗಂಡ್ಲದ ಸೀಮೆಯಲ್ಲಿ ಹಂದ್ರಿ ನದಿಗೆ ಅಣೆಕಟ್ಟು ಕಟ್ಟಿರುವ ಊರಿಗೆ ಗಾಜುಲದಿನ್ನೆಯೆಂದು ಹೆಸರು. ತೆಲುಗಿನಲ್ಲಿ ಗಾಜುಲು ಎಂದರೆ ಬಳೆಗಳು. ಕನ್ನಡದಲ್ಲಿ ಗಾಜು ಎಂದರೆ ಆ ಬಳೆಗೆ ಮೂಲವಾದ ವಸ್ತು. ದಿನ್ನೆಯಾದರೋ ನಮ್ಮ ದಿಣ್ಣೆಯೇ ಸರಿ. ಬಳೆಗಾರನ ಮಲಾರದಲ್ಲಿ ಮಾತ್ರವೇ ಗಾಜಿನ ಬೆಡಗನ್ನು ಕಂಡಿರುವ ನಾವು, ಅದು ಶಿಲ್ಪಿಯ ಕೈಯಲ್ಲಿ ಏನಾಗಬಲ್ಲುದೆಂಬುದನ್ನು ಅರಿಯಬೇಕಾದರೆ, ಬೆಂಗಳೂರನ್ನು ಕರ್ಮಭೂಮಿಯನ್ನಾಗಿ ಮಾಡಿಕೊಂಡ ಶ್ರೀ ಬಾಲನ್ ನಂಬಿಯಾರರ ಕಲಾಜೀವನವನ್ನು ಅವಲೋಕಿಸಬೇಕು.

ಶ್ರೀಯುತರು 1937ರಲ್ಲಿ ಕೇರಳದ ಕಣ್ಣೂರು ಪ್ರಾಂತದ ಕಣ್ಣಪುರಂ ಗ್ರಾಮದಲ್ಲಿ ಜನಿಸಿದರು. ಆ ನಾಡು ತೆಯ್ಯಂ ಎಂಬ ದೈವಾರಾಧನೆಯ ತವರು. ತುಳುನಾಡಿನ ಭೂತಾರಾಧನೆಗೆ ಅದು ಸೋದರ ಸಂಪ್ರದಾಯ. ತರುವಾಯ ಮದರಾಸಿನ ಸರಕಾರಿ ಕಲಾಶಾಲೆಯನ್ನು ಸೇರಿ, 1971ರಲ್ಲಿ ಶಿಲ್ಪಕಲೆಯ ಡಿಪ್ಲೊಮಾ ಪಡೆದರು. ಬೆಂಗಳೂರಿನಲ್ಲಿ ನೆಲೆಸಿ ಕಂಚು, ತುಕ್ಕುಹಿಡಿಯದ ಉಕ್ಕು ಮುಂತಾದವುಗಳಲ್ಲಿ ಶಿಲ್ಪಗಳನ್ನು ರಚಿಸಿದರು. ಪಶ್ಚಿಮ ಕರಾವಳಿಯ ಆರಾಧನಾ ಕಲೆಗಳನ್ನು ಛಾಯಾಚಿತ್ರಗಳ ಮೂಲಕ ಸಂಗ್ರಹಿಸಿ ಅಧ್ಯಯನ ಮಾಡಿದುದೂ ಅವರ ಹಿರಿಯ ಸೇವೆಯೇ ಆಗಿದೆ.

ಗಾಜಿನ ವಿದ್ಯೆ ಅವರಿಗೆ ಒದಗಿದುದು ಇಟಲಿಯಿಂದ. ಪಾದುವಾ ನಗರದ ಪಾವೊಲೊ ದೆ ಪೋಲಿಯವರು ಎನಾಮಲ್ ಕಲೆಯಲ್ಲಿ ಜಗದ್ವಿಖ್ಯಾತರು. ಅವರೇ ನಂಬಿಯಾರರ ಮಾವನವರೂ ಗುರುಗಳೂ ಆದರು. ಎನಾಮಲ್ ಎಂದರೆ ಲೋಹದ ಮೇಲೆ ಕರಗಿಸಿ ಕೂಡಿಸಿದ ಗಾಜು. ಜಯಪುರದ ಮೀನಾಕಾರಿಯೂ ಇದೇ ಜಾತಿಯದು. ತಾಮ್ರದ ತಗಡನ್ನು ಶುದ್ಧಿಮಾಡಿ, ಬಣ್ಣದ ಗಾಜಿನ ಪುಡಿಯನ್ನು ಅದರ ಮೇಲೆ ಹರಡಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕುಲುಮೆಯಲ್ಲಿ ಕೆಲವು ನಿಮಿಷ ಇಡುತ್ತಾರೆ. ಕೋಬಾಲ್ಟ್ ಬೆರೆತರೆ ನೀಲಿ, ತಾಮ್ರ ಬೆರೆತರೆ ಹಸಿರು. ಬಣ್ಣದ ಮೇಲೆ ಬಣ್ಣವೇರಿಸಿದಂತೆಲ್ಲ ಮತ್ತೆ ಮತ್ತೆ ಬೆಂಕಿಗೊಡ್ಡಬೇಕು.

ಇಲ್ಲಿ ನಾವು ಗಮನಿಸತಕ್ಕ ಸಂಗತಿಯೊಂದಿದೆ. ಆರುವಾಗ ತಾಮ್ರವೂ ಗಾಜೂ ಸಮನಾಗಿ ಕುಗ್ಗುವುದಿಲ್ಲ. ಮುಂದಿನ ಮೈಗೆ ಮಾತ್ರ ಗಾಜು ಹತ್ತಿಸಿದರೆ ತಗಡು ಬಾಗಿ ಗಾಜು ಬಿರಿಯುವುದುಂಟು. ಆದುದರಿಂದ ಯಾರೂ ನೋಡದ ಹಿಂಬದಿಗೂ ಗಾಜಿನ ಲೇಪವನ್ನು ಕೊಡುತ್ತಾರೆ.

1953ರಲ್ಲಿ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದಂದಿನಿಂದ ಪೇಟೆಗೆ, ಕಚೇರಿಗೆ ತೆಲುಗೇ ನಮ್ಮ ಮುಂದಿನ ಮೈ. ಅದನ್ನು ನಾವು ಪ್ರೀತಿಯಿಂದಲೇ ಕಲಿತಿದ್ದೇವೆ. ಆದರೆ ಕನ್ನಡದಿಂದ ಏನು ಪ್ರಯೋಜನವೆಂದು ಮನೆಯಲ್ಲಿಯೂ ಅದನ್ನು ಬಿಡುವವರನ್ನು ಕಾಣುವಾಗ ನಮಗೆ ಆ ಹಿಂಬದಿಯ ಲೇಪವೇ ನೆನಪಾಗುತ್ತದೆ. ಅಡುಗೆಮನೆಯ ಮಾತು, ಅಜ್ಜಿಯ ಕಥೆ, ಮಗುವಿನ ಲಾಲಿ ಇವು ಹೊರಗಿನವರಿಗೆ ಕಾಣುವುದಿಲ್ಲ. ಬಾಳು ಬಿರುಕುಬಿಡದಂತೆ ಕಾಯುವುವು ಮಾತ್ರ ಅವೇ. ಮಲಯಾಳದಲ್ಲಿ ಹುಟ್ಟಿ, ತಮಿಳುನಾಡಿನಲ್ಲಿ ಕಲಿತು, ಕನ್ನಡನಾಡಿನಲ್ಲಿ ನೆಲೆಸಿ, ಇಟಲಿಯ ವಿದ್ಯೆಯನ್ನು ಪಡೆದ ನಂಬಿಯಾರರು ತಮ್ಮ ಹುಟ್ಟೂರಿನ ತೆಯ್ಯವನ್ನು ಮರೆಯಲಿಲ್ಲ. ಗಡಿ ದಾಟಿದವರು ತಮ್ಮತನವನ್ನು ಕಳೆದುಕೊಳ್ಳಲೇಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಅವರ ಕಲೆಯೇ ಸಾಕ್ಷಿ. ನಮ್ಮ ಮನೆಗಳೂ ಅದಕ್ಕೆ ಸಾಕ್ಷಿಯಾಗಲೆಂದು ಹಾರೈಸುತ್ತೇವೆ.